ನಮ್ಮ ಮೈಯ ಲೆಕ್ಕ ಯಾರ ಕೈಯಲ್ಲಿ?

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಬಹಳ ಜನರ ಕೈಯಲ್ಲಿ ಸ್ಮಾರ್ಟ್‌ವಾಚ್ ಕಾಣುತ್ತಿದೆ. ಕಟ್ಟದವರ ಜೇಬಿನಲ್ಲೂ ಫೋನ್ ಇದೆ, ಅದೂ ಹೆಜ್ಜೆ ಎಣಿಸುತ್ತಲೇ ಇರುತ್ತದೆ. ಇದೆಲ್ಲ ಈಗಿನ ಕಾಲದ ಹುಚ್ಚು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನುಷ್ಯ ತನ್ನನ್ನು ತಾನೇ ಅಳೆದುಕೊಂಡ ಕಥೆಗೆ ನಾನೂರು ವರ್ಷ ದಾಟಿದೆ. ಆ ಕಥೆಯಲ್ಲಿ ನಾನು ಒಂದೇ ಎಳೆ ಹಿಡಿದು ಹೋಗುತ್ತೇನೆ. ಅಳೆದವರು ಯಾರು, ಯಾಕೆ ಅಳೆದರು, ಅಳೆದ ಅಂಕಿ ಕೊನೆಗೆ ಯಾರ ಕೈ ಸೇರಿತು ಎಂಬುದೇ ಆ ಎಳೆ.

ಇಟಲಿಯ ಪಡುವಾ ವಿಶ್ವವಿದ್ಯಾಲಯದಲ್ಲಿ ಸ್ಯಾಂಟೋರಿಯೊ ಸ್ಯಾಂಟೋರಿಯೊ ಎಂಬ ವೈದ್ಯಶಾಸ್ತ್ರದ ಪ್ರಾಧ್ಯಾಪಕರಿದ್ದರು. 1561ರಲ್ಲಿ ಹುಟ್ಟಿದವರು. ದೊಡ್ಡ ತಕ್ಕಡಿಯೊಂದರ ತೋಳಿಗೆ ಕುರ್ಚಿ ತೂಗುಹಾಕಿಸಿ, ಅದರಲ್ಲಿ ಕೂತು ತಮ್ಮನ್ನೇ ತೂಗಿಕೊಳ್ಳುತ್ತಿದ್ದರು. ತಿಂದದ್ದು, ಕುಡಿದದ್ದು, ಮಲ ಮೂತ್ರವಾಗಿ ಹೋದದ್ದು, ಎಲ್ಲವನ್ನೂ ತೂಕಕ್ಕೆ ಹಾಕಿದರು. ದಶಕಗಳ ಕಾಲ ಇದೇ ಕೆಲಸ. ಲೆಕ್ಕ ಕೂಡಿಸಿದಾಗ ಒಂದು ವಿಚಿತ್ರ ಕಂಡಿತು. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆಯಾಗಲಿಲ್ಲ. ದಿನಕ್ಕೆ ಎಂಟು ಪೌಂಡ್ ಆಹಾರ ಪಾನೀಯ ತೆಗೆದುಕೊಂಡರೆ ಅದರಲ್ಲಿ ಐದು ಪೌಂಡಿನಷ್ಟು ಕಣ್ಣಿಗೆ ಕಾಣದಂತೆ ಮೈಯಿಂದ ಹೋಗಿಬಿಡುತ್ತದೆ ಎಂದು 1614ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬರೆದರು. ಉಸಿರಿನಿಂದಲೂ ಚರ್ಮದಿಂದಲೂ ಸದ್ದಿಲ್ಲದೆ ಆರಿಹೋಗುವ ನೀರು ಅದರ ಮುಖ್ಯ ಭಾಗ ಎಂದು ಇವತ್ತು ನಮಗೆ ಗೊತ್ತು. ಅವರ ಅಂಕಿಗಳಲ್ಲಿ ಹೆಚ್ಚುಕಮ್ಮಿ ಇರಬಹುದು. ಆದರೆ ಅವರಿಗೊಂದು ಪ್ರಶ್ನೆ ಇತ್ತು, ಅದಕ್ಕಾಗಿಯೇ ತಕ್ಕಡಿ ಕಟ್ಟಿದರು. ಅಂಕಿ ಅವರ ಪುಸ್ತಕದಲ್ಲೇ ಉಳಿಯಿತು.

ನೂರು ವರ್ಷದ ಮೇಲೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಗುಣಗಳ ಪಟ್ಟಿ ಮಾಡಿಕೊಂಡು, ವಾರದ ಏಳು ದಿನಕ್ಕೆ ಏಳು ಕಲಂ ಎಳೆದು, ತಪ್ಪಿದ ಕಡೆಯೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದರು. ಅದರ ವಿಚಾರ ನಿಮ್ಮಲ್ಲಿ ಹಲವರು ಓದಿರುತ್ತೀರಿ, ಹಾಗಾಗಿ ಮುಂದೆ ಹೋಗೋಣ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯುರೋಪಿನ ಬೀದಿಗಳಿಗೆ ನಾಣ್ಯ ಹಾಕುವ ತೂಕದ ಯಂತ್ರ ಬಂತು. ನಮ್ಮ ರೈಲ್ವೆ ಪ್ಲಾಟ್‌ಫಾರಂಗಳಲ್ಲೂ ಅದು ಬಹುಕಾಲ ನಿಂತಿತ್ತು. ಬಣ್ಣದ ದೀಪಗಳು ಸುತ್ತಿ ಸುತ್ತಿ, ಟಪ್ ಎಂದು ಒಂದು ರಟ್ಟಿನ ಚೀಟಿ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಆ ಯಂತ್ರಕ್ಕೆ ನಿಮ್ಮ ಹೆಸರು ಗೊತ್ತಿರಲಿಲ್ಲ ಎಂಬುದನ್ನು ನೆನಪಿಡಿ.

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕೆಂದಿರುವ ಜಾಗಕ್ಕೆ ಬಂದೆ. ಸಕ್ಕರೆ ಕಾಯಿಲೆ.

ರಿಚರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕಿನವರು, ಓದಿದ್ದು ಇಂಜಿನಿಯರಿಂಗ್. 1946ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ ಟೈಪ್ 1 ಮಧುಮೇಹ, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಲ್ಲುವ ಬಗೆ, ಶುರುವಾಯಿತು. ಆಗ ಮನೆಯಲ್ಲಿ ನೋಡಿಕೊಳ್ಳಲು ಇದ್ದದ್ದು ಮೂತ್ರ ಪರೀಕ್ಷೆ ಒಂದೇ. ನಮ್ಮಲ್ಲೂ ಹಳಬರಿಗೆ ಇದು ಗೊತ್ತು. ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕುದಿಸಿದರೆ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನೂ ಜಾಸ್ತಿ, ಇಟ್ಟಿಗೆ ಬಣ್ಣ ಬಂದರೆ ವಿಪರೀತ ಸಕ್ಕರೆ. ತೊಂದರೆ ಏನೆಂದರೆ, ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಅದು ಮೂತ್ರಕ್ಕೆ ಇಳಿಯುವುದು. ಮೂತ್ರ ಹೇಳುವುದು ಕೆಲವು ಗಂಟೆ ಹಿಂದಿನ ಸುದ್ದಿ. ಸಕ್ಕರೆ ಕಡಿಮೆಯಾಗಿ ಪ್ರಾಣಕ್ಕೆ ಕುತ್ತು ಬಂದಾಗ ಅದು ಏನನ್ನೂ ಹೇಳುವುದಿಲ್ಲ. ಹೀಗೆ ಕಣ್ಣು ಕಟ್ಟಿದಂತೆ ಇನ್ಸುಲಿನ್ ಚುಚ್ಚಿಕೊಂಡು, ಮೂವತ್ತರ ಆಸುಪಾಸಿನಲ್ಲೇ ಬರ್ನ್‌ಸ್ಟೈನ್ ಅವರ ಮೂತ್ರಪಿಂಡಗಳು ಕೆಡಲು ಶುರುವಾಗಿದ್ದವು.

1969ರಲ್ಲಿ ಪ್ರಯೋಗಾಲಯಗಳಿಗೆ ಸಂಬಂಧಿಸಿದ ಪತ್ರಿಕೆಯೊಂದರಲ್ಲಿ ಅವರು ಒಂದು ಜಾಹೀರಾತು ನೋಡಿದರು. ಅಮೆರಿಕದ ಏಮ್ಸ್ (Ames) ಕಂಪನಿಯ, ರಕ್ತದ ಸಕ್ಕರೆ ಅಳೆಯುವ ಯಂತ್ರ. ತೂಕ ಸುಮಾರು ಒಂದೂವರೆ ಕಿಲೋ, ಬೆಲೆ 650 ಡಾಲರ್. ರಾಸಾಯನಿಕ ಹಚ್ಚಿದ ಪಟ್ಟಿಯ ಮೇಲೆ ದೊಡ್ಡದೊಂದು ಹನಿ ರಕ್ತ ಹಾಕಬೇಕು, ಒಂದು ನಿಮಿಷ ಸರಿಯಾಗಿ ಕಾಯಬೇಕು, ರಕ್ತ ತೊಳೆದು ಯಂತ್ರಕ್ಕೆ ಸೇರಿಸಬೇಕು. ಪಟ್ಟಿ ಎಷ್ಟು ನೀಲಿಯಾಗಿದೆ ಎಂದು ಬೆಳಕು ಬಿಟ್ಟು ನೋಡಿ, ಮುಳ್ಳು ಒಂದು ಅಂಕಿಯ ಮೇಲೆ ನಿಲ್ಲುತ್ತಿತ್ತು. ಅದನ್ನು ಮಾಡಿದ್ದು ರೋಗಿಗಳಿಗಾಗಿ ಅಲ್ಲ. ರಾತ್ರಿ ಲ್ಯಾಬ್ ಮುಚ್ಚಿದ ಮೇಲೆ ಪ್ರಜ್ಞೆ ತಪ್ಪಿದವರನ್ನು ಆಸ್ಪತ್ರೆಗೆ ತಂದಾಗ, ಇವರು ಕುಡಿದು ಬಿದ್ದವರೋ ಮಧುಮೇಹಿಗಳೋ ಎಂದು ತಿಳಿಯಲು. ವೈದ್ಯರಿಗೂ ಆಸ್ಪತ್ರೆಗಳಿಗೂ ಬಿಟ್ಟು ಬೇರೆಯವರಿಗೆ ಮಾರುತ್ತಿರಲಿಲ್ಲ. ಬರ್ನ್‌ಸ್ಟೈನ್ ಅವರ ಹೆಂಡತಿ ವೈದ್ಯೆ. ಅವರ ಹೆಸರಿನಲ್ಲೇ ಯಂತ್ರ ಕೊಂಡರು.

ದಿನಕ್ಕೆ ಐದಾರು ಸಲ ಬೆರಳು ಚುಚ್ಚಿ ಅಳೆಯತೊಡಗಿದರು. ಒಂದೇ ದಿನದಲ್ಲಿ ಸಕ್ಕರೆ 40ರ ಕೆಳಗಿಳಿದು 400ರ ಮೇಲೇರುವುದು ಕಂಡಿತು. ಆಮೇಲೆ ಇಂಜಿನಿಯರ್ ಬುದ್ಧಿ ಕೆಲಸ ಮಾಡಿತು. ಊಟದಲ್ಲಿ ಒಂದು ಬದಲಾವಣೆ, ಮತ್ತೆ ಅಳತೆ. ಇನ್ಸುಲಿನ್‌ನಲ್ಲಿ ಒಂದು ಬದಲಾವಣೆ, ಮತ್ತೆ ಅಳತೆ. ವರ್ಷಗಳ ಮೇಲೆ ಸಕ್ಕರೆ ಹತೋಟಿಗೆ ಬಂತು, ಮೂತ್ರಪಿಂಡವೂ ಸುಧಾರಿಸಿತು. ಅದನ್ನು ಲೇಖನ ಮಾಡಿ ಕಳಿಸಿದರೆ ವೈದ್ಯಕೀಯ ಪತ್ರಿಕೆಗಳು ತಿರುಗಿಸಿ ಕಳಿಸಿದವು. ವೈದ್ಯನಲ್ಲದವನ ಮಾತು ಯಾರು ಕೇಳುತ್ತಾರೆ? ಸರಿ, ವೈದ್ಯನೇ ಆಗುತ್ತೇನೆ ಎಂದು ನಲವತ್ತೈದನೇ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿದರು. ಕೊನೆಯವರೆಗೂ ಮಧುಮೇಹಿಗಳನ್ನು ನೋಡುತ್ತಿದ್ದ ಅವರು 2025ರಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು.

ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಅಂಗಾಂಗ ಉಳಿಯುತ್ತದೆ ಎಂಬುದನ್ನು 1,441 ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 1993ರಲ್ಲಿ ಖಚಿತಪಡಿಸಿತು. ಕಣ್ಣಿನ ತೊಂದರೆಯ ಅಪಾಯ ಶೇ. 76ರಷ್ಟು, ನರಗಳದ್ದು ಶೇ. 60ರಷ್ಟು, ಮೂತ್ರಪಿಂಡದ್ದು ಶೇ. 50ರಷ್ಟು ತಗ್ಗಿತ್ತು. ಒಬ್ಬ ರೋಗಿ ಮನೆಯಲ್ಲಿ ಕೂತು ಎರಡು ದಶಕ ಮೊದಲೇ ಹಿಡಿದ ದಾರಿ ಅದು. ಭಾರತದಲ್ಲಿ ಇವತ್ತು ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಮೆಡಿಕಲ್ ಶಾಪಿನಲ್ಲಿ ಯಾರು ಕೇಳಿದರೂ ಗ್ಲುಕೋಮೀಟರ್ ಕೊಡುತ್ತಾರೆ. ಹಾಗೆ ಕೊಡುವುದು ತಾನಾಗಿ ಬಂದ ಸೌಕರ್ಯವಲ್ಲ, ಹಟ ಹಿಡಿದು ಪಡೆದದ್ದು.

ಇದಕ್ಕೆ ತೀರಾ ವಿರುದ್ಧವಾದದ್ದು ಹತ್ತು ಸಾವಿರ ಹೆಜ್ಜೆಯ ಕಥೆ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ವ್ಯಾಯಾಮದ ಉತ್ಸಾಹ ಹಬ್ಬಿದ್ದ ಆ ಹೊತ್ತಿನಲ್ಲಿ, 1965ರಲ್ಲಿ, ಅಲ್ಲಿನ ಯಮಾಸಾ ಎಂಬ ಗಡಿಯಾರದ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಸಾಧನ ತಂದಿತು. ಅದರ ಹೆಸರಿನಲ್ಲೇ ಹತ್ತು ಸಾವಿರ ಸೇರಿಸಿ ಮಾರಿದರು. ದುಂಡು ಸಂಖ್ಯೆ, ನೆನಪಿಡಲು ಸುಲಭ. ಅದೇ ಸಂಖ್ಯೆ ಅರ್ಧ ಶತಮಾನದ ಮೇಲೆ ನಮ್ಮ ವಾಚುಗಳ ಒಳಗೆ ಗುರಿಯಾಗಿ ಕೂತಿತು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಹೆಜ್ಜೆ ಲೆಕ್ಕ ನೋಡಿದರು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಮಂಡಿನೋವಿನ ಅಜ್ಜಿಯೊಬ್ಬರು ಐದು ಸಾವಿರ ಹೆಜ್ಜೆ ನಡೆದು, ವಾಚಿನಲ್ಲಿ ಅರ್ಧವೇ ತುಂಬಿದ ವೃತ್ತ ನೋಡಿ ಬೇಜಾರು ಮಾಡಿಕೊಂಡರೆ ಅದು ಅನ್ಯಾಯ. ಅಜ್ಜಿ ತಾವಾಗಿ ಕೇಳಿಕೊಂಡ ಪ್ರಶ್ನೆಯೇ ಇಲ್ಲಿಲ್ಲ. ಉತ್ತರವನ್ನು ಯಾರೋ ಮೊದಲೇ ಬರೆದಿಟ್ಟಿದ್ದಾರೆ.

2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ಯಾರಿ ವುಲ್ಫ್ ಮತ್ತು ಕೆವಿನ್ ಕೆಲ್ಲಿ ಎಂಬ ಪತ್ರಕರ್ತರು ‘ಕ್ವಾಂಟಿಫೈಡ್ ಸೆಲ್ಫ್’, ಅಂದರೆ ತಮ್ಮನ್ನು ತಾವೇ ಅಳೆದುಕೊಳ್ಳುವವರ ಕೂಟ ಶುರು ಮಾಡಿದರು. ಮಾತಾಡಲು ಬಂದವರು ಮೂರಕ್ಕೆ ಉತ್ತರ ಹೇಳಬೇಕು: ಏನು ಮಾಡಿದಿರಿ, ಹೇಗೆ ಮಾಡಿದಿರಿ, ಏನು ಕಲಿತಿರಿ. ಈ ಕ್ರಮ ನನಗೆ ಬಹಳ ಇಷ್ಟ. ಅದೇ ವರ್ಷ ಹೆಜ್ಜೆ ಎಣಿಸುವ ಸಾಧನಗಳ ಫಿಟ್‌ಬಿಟ್ ಕಂಪನಿಯೂ ಹುಟ್ಟಿತು, 2021ರಲ್ಲಿ ಗೂಗಲ್ ಪಾಲಾಯಿತು. ಕೂಟದವರು ಸ್ವಂತ ಕುತೂಹಲಕ್ಕೆ ಅಳೆದರು. ಕಂಪನಿಗಳ ಸಾಧನದಲ್ಲಿ ಅಳತೆ ಮೊದಲು ಕಂಪನಿಯ ಸರ್ವರಿಗೆ ಹೋಗಿ, ಆಮೇಲೆ ಚಿತ್ರವಾಗಿ ನಮ್ಮ ಕಡೆ ಬರುತ್ತದೆ. ಈಗ ನಮ್ಮ ಬೆಂಗಳೂರಿನಿಂದಲೇ ಅಲ್ಟ್ರಾಹ್ಯೂಮನ್ ಕಂಪನಿಯ, ನಿದ್ದೆ, ಹೃದಯ ಬಡಿತ ಅಳೆಯುವ ಉಂಗುರ ಹೊರಗಿನ ದೇಶಗಳಿಗೆ ಹೋಗುತ್ತಿದೆ. ಹಾಗಾಗಿ ಇದು ದೂರದ ಮಾತಲ್ಲ.

ಅಂಕಿ ಕೈಬಿಟ್ಟು ಹೋದರೆ ಏನಾಗುತ್ತದೆ? ಓಟದ ಲೆಕ್ಕ ಇಡುವ ಆ್ಯಪ್ ನಡೆಸುವ ಸ್ಟ್ರಾವಾ ಕಂಪನಿ 2017ರ ನವೆಂಬರಿನಲ್ಲಿ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಕೂಡಿಸಿ ಭೂಪಟ ಪ್ರಕಟಿಸಿತು. ಕತ್ತಲೆ ತುಂಬಿದ ಸಿರಿಯಾ, ಅಫ್ಘಾನಿಸ್ತಾನಗಳ ನಡುವೆ ಸೈನಿಕರು ಬೆಳಗಿನ ಓಟ ಓಡಿದ ಗೆರೆಗಳು ಹೊಳೆಯುತ್ತಿದ್ದವು. ಸೇನಾ ನೆಲೆಗಳ ಆಕಾರವೇ ಬಯಲಾಗಿತ್ತು.

ಇನ್ನೊಂದು ಉದಾಹರಣೆ ನಮ್ಮ ಮನೆಗಳಿಗೆ ಹತ್ತಿರ. ಅಡುಗೆಮನೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ, ಗ್ಯಾಸ್ ಬಂದ ದಿನದ ಪಕ್ಕ, ಪೆನ್ಸಿಲಿನ ಸಣ್ಣ ಗುರುತೊಂದು ಇರುತ್ತಿತ್ತು. ಮುಟ್ಟಿನ ದಿನ. ಹಾಕಿದವರಿಗೆ ಮಾತ್ರ ಅರ್ಥವಾಗುವ ಗುರುತು. ಯುಗಾದಿಗೋ ಸಂಕ್ರಾಂತಿಗೋ ಆ ಹಾಳೆಗಳು ಡಬ್ಬಿಯ ತಳ ಸೇರುತ್ತಿದ್ದವು. ಈಗ ಅದು ಆ್ಯಪ್‌ಗೆ ಬಂದಿದೆ. ಫ್ಲೋ ಎಂಬ ಜನಪ್ರಿಯ ಆ್ಯಪ್, ಗುಟ್ಟಾಗಿಡುತ್ತೇನೆಂದು ಮಾತು ಕೊಟ್ಟು ಮಹಿಳೆಯರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳ ವಿಶ್ಲೇಷಣಾ ವಿಭಾಗಗಳಿಗೆ ಕೊಟ್ಟಿತೆಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2021ರಲ್ಲಿ ಅದು ಒಪ್ಪಂದದಲ್ಲಿ ಮುಗಿಯಿತು. ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿದಾಗ, ಅನೇಕ ಹೆಣ್ಣುಮಕ್ಕಳು ಹೆದರಿ ಇಂಥ ಆ್ಯಪ್‌ಗಳನ್ನೇ ಅಳಿಸಿದರು.

ಹಾಗೆಂದು ಅಳತೆಯನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾಫ್ಟ್‌ವೇರ್ ಇಂಜಿನಿಯರೊಬ್ಬರ ನಾಲ್ಕು ವರ್ಷದ ಮಗನಿಗೆ ಟೈಪ್ 1 ಮಧುಮೇಹ ಇತ್ತು. ಮಗುವಿನ ಮೈಮೇಲಿನ ಸೆನ್ಸರ್ ಐದೈದು ನಿಮಿಷಕ್ಕೆ ಸಕ್ಕರೆ ಅಳೆಯುತ್ತಿತ್ತು, ಆದರೆ ಅಂಕಿ ಮಗುವಿನ ಹತ್ತಿರ ಇರುವ ಸಣ್ಣ ಪೆಟ್ಟಿಗೆಯಲ್ಲಿ ಮಾತ್ರ ಕಾಣುತ್ತಿತ್ತು. ಕೆಲಸದಲ್ಲಿದ್ದ ಅಪ್ಪನಿಗೆ ಕಾಣುತ್ತಿರಲಿಲ್ಲ. ಅವರು ಆ ಸಾಧನದ ಒಳಗಿನ ಭಾಷೆ ಬಿಡಿಸಿ, ತಾವೇ ಪ್ರೋಗ್ರಾಂ ಬರೆದು ಅಂಕಿಯನ್ನು ಇಂಟರ್‌ನೆಟ್ಟಿಗೆ ಹರಿಸಿದರು. ಬೇರೆ ತಂದೆತಾಯಂದಿರು ಕೈಜೋಡಿಸಿದರು. ‘ನೈಟ್‌ಸ್ಕೌಟ್’ ಎಂಬ ಹೆಸರಿನಲ್ಲಿ ಅದು ಎಲ್ಲರಿಗೂ ಉಚಿತವಾಯಿತು.

ಆ ಅಪ್ಪನಿಗೆ ಬೇಕಿದ್ದದ್ದು ತನ್ನ ಮಗುವಿನ ಅಂಕಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು. ನಮ್ಮ ದೇಶದ 2019ರ ವೈಯಕ್ತಿಕ ದತ್ತಾಂಶ ರಕ್ಷಣಾ ಮಸೂದೆಯಲ್ಲಿ ಆ ಹಕ್ಕಿತ್ತು. ಆರೋಗ್ಯದ ಮಾಹಿತಿ ಸೂಕ್ಷ್ಮವಾದದ್ದು, ಅದಕ್ಕೆ ಹೆಚ್ಚಿನ ಕಾವಲು ಬೇಕು ಎಂಬುದೂ ಇತ್ತು. 2023ರಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಇವೆರಡೂ ಇಲ್ಲ. ಆ ಕಾಯ್ದೆಯ ಪ್ರಕಾರ ನಮ್ಮ ಬಗ್ಗೆ ಏನಿದೆ ಎಂದು ಕೇಳಬಹುದು, ತಿದ್ದಿಸಬಹುದು, ಅಳಿಸಿ ಎನ್ನಬಹುದು. ಇಷ್ಟು ವರ್ಷದ ನನ್ನ ಸಕ್ಕರೆ, ನನ್ನ ನಿದ್ದೆ, ನನ್ನ ಹೃದಯ ಬಡಿತದ ಲೆಕ್ಕವನ್ನು ನಾನು ಬಳಸಬಲ್ಲ ರೂಪದಲ್ಲಿ ಕೊಡಿ ಎಂದು ಪಟ್ಟು ಹಿಡಿಯಲು ಆ ಕಾಯ್ದೆಯಲ್ಲಿ ಒಂದು ಕಲಮೂ ಇಲ್ಲ. ಈ ತಿದ್ದುಪಡಿ ಬೇಕೆಂದು ನಿಮ್ಮ ಸಂಸದರಿಗೆ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.