ಎರಡನೇ ಕಂಟ್ರೋಲರ್ ಯಾರ ಕೈಯಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ವಿಡಿಯೋ ಗೇಮ್ ಬಗ್ಗೆ. ಇಷ್ಟು ಕೇಳಿದ ಕೂಡಲೇ ಕೆಲವರು ರೇಡಿಯೋ ಸಣ್ಣ ಮಾಡಲು ಕೈ ಚಾಚಿರುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಇದು ಮಕ್ಕಳಿಗೆ ಹೇಳುವ ಮಾತಲ್ಲ. ಹೊಲದಿಂದ ಬಂದು ಕಟ್ಟೆಯ ಮೇಲೆ ಕುಳಿತವರಿಗೆ, ರೊಟ್ಟಿ ಬಡಿಯುತ್ತಾ ಕೇಳುತ್ತಿರುವ ಅಕ್ಕಂದಿರಿಗೆ, ಮಗ ಟಿವಿ ಮುಂದಿನಿಂದ ಏಳುವುದಿಲ್ಲ ಎಂದು ಸಿಟ್ಟಾಗಿರುವ ಅಪ್ಪಂದಿರಿಗೆ ಹೇಳುವ ಮಾತು.

ನಾನು ಹೇಳುವುದು ಒಂದೇ. ಹೊಡೆದಾಟದ ಗೇಮ್ ಬೆರಳಿನ ಆಟವಲ್ಲ, ಪಕ್ಕದಲ್ಲಿ ಕುಳಿತು ಆಡುವವರ ಮನಸ್ಸು ಓದುವ ಆಟ. ಅದಕ್ಕೆಂದೇ ಅದನ್ನು ಇಬ್ಬರು ಕೂತು ಆಡುವಂತೆ ಮಾಡಿದ್ದಾರೆ. ಕಂಟ್ರೋಲರ್ ಅಂದರೆ ಕೈಯಲ್ಲಿ ಹಿಡಿದು ಆಟ ಆಡಿಸುವ ಗುಂಡಿಗಳ ಹಿಡಿಕೆ. ಎರಡನೇ ಕಂಟ್ರೋಲರನ್ನು ನೀವು ಹಿಡಿಯಿರಿ.

ಉದಾಹರಣೆಗೆ ಒಂದೇ ಆಟ ತೆಗೆದುಕೊಳ್ಳುತ್ತೇನೆ. ಹೆಸರು ಗಿಲ್ಟಿ ಗೇರ್. ಜಪಾನಿನ ಆರ್ಕ್ ಸಿಸ್ಟಮ್ ವರ್ಕ್ಸ್ ಎಂಬ ಕಂಪನಿ 1998ರಲ್ಲಿ ಪ್ಲೇಸ್ಟೇಷನ್ ಎಂಬ, ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕಾಗಿ ಇದನ್ನು ಹೊರತಂದಿತು. ಇದರ ಹಿಂದಿರುವ ಮನುಷ್ಯ ಡೈಸುಕೆ ಇಶಿವತಾರಿ. ಪಾತ್ರಗಳ ರೂಪ ಬರೆದವರು ಅವರೇ, ಸಂಗೀತ ಕಟ್ಟಿದವರೂ ಅವರೇ, ನಾಯಕ ಸೋಲ್ ಎಂಬವನಿಗೆ ದನಿ ಕೊಟ್ಟವರೂ ಅವರೇ. ಹಿನ್ನೆಲೆಯಲ್ಲಿ ರಾಕ್ ಗಿಟಾರ್ ಅಬ್ಬರಿಸುತ್ತಿರುತ್ತದೆ, ಪರದೆಯ ಮೇಲೆ ಇಬ್ಬರು ಮಿಂಚಿನಂತೆ ಓಡಾಡುತ್ತಿರುತ್ತಾರೆ.

ಇದನ್ನು ಎರಡು ಆಯಾಮದ ಆಟ ಅನ್ನುತ್ತಾರೆ. ಆ ಮಾತು ನಮ್ಮ ಕೊಪ್ಪಳ ಸೀಮೆಯವರಿಗೆ ಅರ್ಥವಾದಷ್ಟು ಬೇರೆಯವರಿಗೆ ಆಗಲಿಕ್ಕಿಲ್ಲ. ತೊಗಲುಗೊಂಬೆಯಾಟ ನೋಡಿದ್ದೀರಲ್ಲ? ಬಿಳಿ ಪರದೆ, ಹಿಂದೊಂದು ದೀಪ, ನಡುವೆ ಭೀಮ ದುರ್ಯೋಧನರು. ಬೊಂಬೆ ಎಡಕ್ಕೆ ಹೋಗುತ್ತದೆ, ಬಲಕ್ಕೆ ಬರುತ್ತದೆ, ಮೇಲಕ್ಕೆ ಹಾರುತ್ತದೆ. ಪರದೆಯ ಒಳಕ್ಕೆ ಮಾತ್ರ ಹೋಗುವುದಿಲ್ಲ. ಈ ಗೇಮೂ ಅಷ್ಟೇ. ಎಡ, ಬಲ, ಮೇಲೆ, ಕೆಳಗೆ. ನಮ್ಮ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ಪರದೆಯ ಮೇಲಿನ ಗದಾಯುದ್ಧ ನೋಡಿದವರಿಗೆ ಈ ಆಟ ಹೊಸದೇನಲ್ಲ. ಇಲ್ಲಿ ಬೊಂಬೆಯ ಕೋಲು ನಿಮ್ಮ ಕೈಯಲ್ಲಿರುತ್ತದೆ, ಅಷ್ಟೇ ವ್ಯತ್ಯಾಸ.

ಪಾತ್ರಗಳು ಒಬ್ಬರಂತೆ ಒಬ್ಬರಿಲ್ಲ. ಕೈ ಎಂಬ ಹುಡುಗ ಕತ್ತಿಯ ತುದಿಯಿಂದ ಮಿಂಚು ಬಿಡುತ್ತಾನೆ. ಮೇ ಎಂಬ ಹುಡುಗಿ ಹಡಗಿನ ಲಂಗರು ಬೀಸುತ್ತಾಳೆ. ಪೊಟೆಮ್ಕಿನ್ ಎಂಬ ದೈತ್ಯನಿಗೆ ಹತ್ತಿರ ಸಿಕ್ಕವರನ್ನು ಹಿಡಿದು ಎಸೆಯುವುದೇ ಕೆಲಸ. ಮಿಲಿಯಾ ತನ್ನ ಕೂದಲಿನಿಂದಲೇ ಹೊಡೆದಾಡುತ್ತಾಳೆ. ಭಾಗ್ಯನಗರದ ಕೂದಲ ವ್ಯಾಪಾರದ ಮನೆಗಳಿಂದ ಬರುತ್ತಿದ್ದ ನನ್ನ ಗೆಳೆಯರೆಲ್ಲ ಅವಳನ್ನೇ ಆರಿಸುತ್ತಿದ್ದರು.

ಈಗ ಸ್ವಲ್ಪ ಲೆಕ್ಕ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಇಂಥ ಆಟದಲ್ಲಿ 60. ಚುರುಕಾದ ಒಂದು ಗುದ್ದು ಶುರುವಾಗಿ ತಾಗುವುದಕ್ಕೆ ನಾಲ್ಕೈದು ಚಿತ್ರ ಸಾಕು. ಆದರೆ ಮನುಷ್ಯ ಕಣ್ಣಿನಿಂದ ಕಂಡು ಬೆರಳಿನಿಂದ ಗುಂಡಿ ಒತ್ತಲು ಹೆಚ್ಚು ಕಡಿಮೆ ಕಾಲು ಸೆಕೆಂಡು ಬೇಕು. ಅಂದರೆ ಹದಿನೈದು ಚಿತ್ರ. ನೀವು ಎಷ್ಟೇ ಚುರುಕಿದ್ದರೂ ಆ ಗುದ್ದನ್ನು ಕಂಡ ಮೇಲೆ ತಡೆಯಲಾರಿರಿ. ಹಾಗಾದರೆ ಗೆಲ್ಲುವವರು ಹೇಗೆ ಗೆಲ್ಲುತ್ತಾರೆ? ಬರುವ ಮುಂಚೆಯೇ ಗೊತ್ತು ಮಾಡಿಕೊಂಡು ಗೆಲ್ಲುತ್ತಾರೆ. ಆಟ ವೇಗವಾದಷ್ಟೂ ಬೆರಳಿನ ಬೆಲೆ ಇಳಿಯುತ್ತದೆ, ಓದುವವನ ಬೆಲೆ ಏರುತ್ತದೆ.

ಇದನ್ನು ನನಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ನನ್ನ ಸೋದರಮಾವ.

2001ರ ಬೇಸಿಗೆ. ಕೊಪ್ಪಳದಲ್ಲಿ ನಮ್ಮ ಓಣಿಯ ತುದಿಗೆ ಒಂದು ಗೇಮ್ ಅಂಗಡಿ ಇತ್ತು. ತಗಡಿನ ಮಾಡು, ಎರಡು ಟಿವಿ, ಒಂದು ಪ್ಲೇಸ್ಟೇಷನ್, ಗಂಟೆಗೆ ಹದಿನೈದು ರೂಪಾಯಿ. ಆ ಅಂಗಡಿಯಲ್ಲಿ ನಾನೇ ರಾಜ. ಕೈ ಪಾತ್ರ ಆರಿಸಿ ಮಿಂಚಿನ ಮೇಲೆ ಮಿಂಚು ಬಿಡುತ್ತಿದ್ದೆ. ಕೆಳಗೆ, ಓರೆಗೆ, ಮುಂದಕ್ಕೆ ಹೆಬ್ಬೆರಳು ಹೊರಳಿಸಿ ಗುಂಡಿ ಒತ್ತಿದರೆ ಮಿಂಚು. ಅಷ್ಟು ಬೇಗ ಹೊರಳಿಸುವ ಬೆರಳು ಓಣಿಯಲ್ಲಿ ಇನ್ಯಾರಿಗೂ ಇರಲಿಲ್ಲ.

ಮಾವ ಪೈಲ್ವಾನರು. ಸುತ್ತಲಿನ ಜಾತ್ರೆಗಳಲ್ಲಿ ಕಡೇ ಕುಸ್ತಿಗೆ ಇಳಿಯುತ್ತಿದ್ದವರು. ಆ ವರ್ಷ ಮೊಣಕಾಲು ಉಳುಕಿ ನಮ್ಮ ಮನೆಯಲ್ಲಿ ಬಂದು ಉಳಿದಿದ್ದರು. ಒಂದು ಮಧ್ಯಾಹ್ನ ಅವ್ವ ಅವರನ್ನೇ ಅಟ್ಟಿದಳು, ಹೋಗಿ ಅವನನ್ನು ಕರಕೊಂಡು ಬಾ ಅಂತ. ಕುಂಟುತ್ತಾ ಬಂದು ಬಾಗಿಲಲ್ಲಿ ನಿಂತರು.

"ಅಳಿಯಾ, ಊಟಾ ಬಿಟ್ಟು ಇಲ್ಲಿ ಕುಂತೀಯಲ್ಲಲೇ, ನಿಮ್ಮವ್ವ ಕಾಯಾಕತ್ತಾಳ."

"ಇದೊಂದು ಆಟ ಮಾವಾ, ಬಂದೆ."

ಅವರು ಬೆಂಚಿನ ಮೇಲೆ ಕುಳಿತರು. ಒಂದು ಆಟ ಹೋಗಿ ಆರು ಆಟವಾಯಿತು. ಅವರು ಬೈಯಲಿಲ್ಲ. ನೋಡುತ್ತಿದ್ದರು. ಆದರೆ ಟಿವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಕೇಳಿದರು:

"ನೀ ಮೂರು ಸಲ ಮಿಂಚು ಬಿಟ್ಟ ಮ್ಯಾಲೆ ಜಿಗದೇ ಜಿಗೀತಿ. ಯಾಕ?"

ನಾನು ಹಾಗೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ! ತಿಂಗಳುಗಟ್ಟಲೆ ನನ್ನೊಂದಿಗೆ ಆಡಿದ ಹುಡುಗರಿಗೂ ಕಂಡಿರಲಿಲ್ಲ. ಅವರೆಲ್ಲ ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು.

ಮರುದಿನ ಮಾವ ತಾವಾಗಿಯೇ ಬಂದರು. ಪೊಟೆಮ್ಕಿನ್‌ನನ್ನು ಆರಿಸಿದರು. ಕುಸ್ತಿಯವರು ಇನ್ಯಾರನ್ನು ಆರಿಸಿಯಾರು? ಆ ದಿನ ಹತ್ತು ಆಟ ಆಡಿ ಹತ್ತೂ ಸೋತರು. ಅವರ ದಪ್ಪ ಹೆಬ್ಬೆರಳಿಗೆ ಹೊರಳಿಸುವ ಪಟ್ಟುಗಳು ಒಂದೂ ಒಗ್ಗಲಿಲ್ಲ. ಸಂಜೆ ಅಂಗಡಿಯವನನ್ನು ಕೇಳಿ ಮೂರೇ ಕೆಲಸ ಕಲಿತುಕೊಂಡರು. ಹಿಂದಕ್ಕೆ ಒತ್ತಿ ಹಿಡಿದರೆ ಹೊಡೆತ ತಡೆಯಬಹುದು. ಹತ್ತಿರ ಹೋದರೆ ಹಿಡಿದು ಎಸೆಯಬಹುದು. ಒಂದು ಗುದ್ದು. ಅಷ್ಟೇ.

ಮೂರನೇ ದಿನ ಕುಳಿತೆವು. ನಾನು ಮಿಂಚು ಬಿಟ್ಟೆ, ತಡೆದರು. ಎರಡನೆಯದು, ತಡೆದರು. ಮೂರನೆಯದು, ತಡೆದು ಒಂದು ಹೆಜ್ಜೆ ಮುಂದೆ ಬಂದರು. ನಾನು ಜಿಗಿದೆ. ಇಳಿಯುವ ಜಾಗದಲ್ಲಿ ಗುದ್ದು ಕಾಯುತ್ತಿತ್ತು. ಎದ್ದೆ, ಹೆದರಿ ತಡೆದುಕೊಂಡು ನಿಂತೆ. ಬಂದು ಹಿಡಿದು ಎಸೆದರು. ಯಾಕೆಂದರೆ ತಡೆದು ನಿಂತವನನ್ನು ಹೊಡೆಯಲಾಗುವುದಿಲ್ಲ, ಆದರೆ ಹಿಡಿಯಬಹುದು. ಮತ್ತೆ ಎದ್ದೆ, ಈ ಸಲ ಹಿಡಿಯಲು ಬರುತ್ತಾರೆಂದು ಸಿಟ್ಟಿನಿಂದ ಕತ್ತಿ ಬೀಸಿದೆ. ಅವರು ಬರಲೇ ಇಲ್ಲ. ತಡೆದು, ತಿರುಗಿ ಹೊಡೆದರು. ಇಡೀ ಅಂಗಡಿ ಎದ್ದು ನಿಂತಿತು. ಆ ದಿನ ಐದರಲ್ಲಿ ನಾಲ್ಕು ಆಟ ಅವರದು. ಮೂರು ದಿನದ ಹಿಂದೆ ಕಂಟ್ರೋಲರ್ ಮುಟ್ಟಿಯೂ ನೋಡದ ಮನುಷ್ಯ.

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವರು ಮೊಣಕಾಲು ನೀವಿಕೊಳ್ಳುತ್ತಾ ಹೇಳಿದರು: "ಗರಡಿ ಮನ್ಯಾಗೂ ಹಿಂಗ ಅಳಿಯಾ. ಎದುರಿನವನ ಕೈ ನೋಡಿದ್ರ ಕೆಟ್ಟೆ. ಹೆಗಲು ನೋಡಬೇಕು. ಕೈಗಿಂತ ಮೊದಲ ಹೆಗಲು ಹೇಳತೈತಿ. ನೀ ಜಿಗಿಯೋ ಮುಂಚೆ ಉಸಿರು ಹಿಡೀತಿ, ನನಗ ಕೇಳಸತೈತಿ."

ಕೇಳಿದಿರಾ? ಉಸಿರು! ಪಕ್ಕದಲ್ಲಿ ಕೂತಿದ್ದಕ್ಕೆ ಕೇಳಿಸಿತು. ಅದಕ್ಕೇ ಹೇಳುತ್ತಿದ್ದೇನೆ, ಇದು ಬೆರಳಿನ ಆಟವಲ್ಲ.

ಮಾವನ ಮಾತಿಗೇ ಹೆಚ್ಚು ಹೊತ್ತಾಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇವೋ ಎಂಬ ದೊಡ್ಡ ಪಂದ್ಯಾವಳಿ. ಆಟ ಸ್ಟ್ರೀಟ್ ಫೈಟರ್ 3, ಇದೂ ಇಬ್ಬರ ಹೊಡೆದಾಟದ ಗೇಮೇ. ಜಪಾನಿನ ಡೈಗೊ ಉಮೆಹಾರಾ ಅವರ ಪಾತ್ರಕ್ಕೆ ಕೂದಲೆಳೆಯಷ್ಟು ಜೀವ ಉಳಿದಿತ್ತು. ಈ ಆಟದಲ್ಲಿ ದೊಡ್ಡ ಅಸ್ತ್ರವನ್ನು ತಡೆದರೂ ತುಸು ಜೀವ ಹೋಗುತ್ತದೆ, ಹಾಗಾಗಿ ಸುಮ್ಮನೆ ತಡೆದರೂ ಸಾಯುವ ಸ್ಥಿತಿ. ಎದುರಾಳಿ ಜಸ್ಟಿನ್ ವಾಂಗ್ ಕೊನೆಯ ಅಸ್ತ್ರ ಬಿಟ್ಟರು, ಒಂದರ ಹಿಂದೊಂದು 15 ಹೊಡೆತ. ಒಂದೊಂದಕ್ಕೂ ಅದು ತಾಗುವ ಗಳಿಗೆಯಲ್ಲೇ ಮುಂದಕ್ಕೆ ಒತ್ತಿ ಕೊಡವಬೇಕು. ಡೈಗೊ 15ನ್ನೂ ಕೊಡವಿ, ತಿರುಗಿಬಿದ್ದು ಗೆದ್ದರು. ಮೊದಲ ಹೊಡೆತವನ್ನು ಕಂಡ ಮೇಲೆ ಒತ್ತಿದ್ದರೆ ತಡವಾಗಿರುತ್ತಿತ್ತು. ವಾಂಗ್ ಈಗ ಬಿಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಆ ಪಂದ್ಯಾವಳಿಯನ್ನು ಕೊನೆಗೆ ಗೆದ್ದವರು ಬೇರೆ, ಡೈಗೊ ಫೈನಲ್‌ನಲ್ಲಿ ಸೋತರು. ಆದರೂ ಇಪ್ಪತ್ತು ವರ್ಷ ಕಳೆದರೂ ಜನ ನೆನೆಯುವುದು ಆ ಕೆಲವು ಸೆಕೆಂಡುಗಳನ್ನು.

ವಯಸ್ಸಾಯಿತು, ನಮ್ಮಿಂದ ಆಗದು ಎನ್ನುವವರಿಗೆ ಇನ್ನೊಂದು. ಹಾಂಗ್‌ಝೌ ಏಷ್ಯನ್ ಗೇಮ್ಸ್ 2023ರಲ್ಲಿ ನಡೆದಾಗ ಸ್ಟ್ರೀಟ್ ಫೈಟರ್ 5 ಪದಕದ ಆಟವಾಗಿತ್ತು. ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ. ಹದಿಹರೆಯದ ಬೆರಳೇ ಬೇಕು ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ಹೇಳಲಿ. ನಮ್ಮ ಭಾರತ ಸರ್ಕಾರವೂ 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸನ್ನು, ಅಂದರೆ ಪಂದ್ಯವಾಗಿ ಆಡುವ ವಿಡಿಯೋ ಗೇಮನ್ನು, ಕ್ರೀಡಾ ಸಚಿವಾಲಯದ ಅಡಿಗೆ ತಂದಿತು.

ಗಿಲ್ಟಿ ಗೇರ್ ಸರಣಿಯಲ್ಲಿ ನನಗೆ ಬಹಳ ಇಷ್ಟವಾದ ಒಂದು ನಿಯಮವಿದೆ. ಮುಂದೆ ನುಗ್ಗಿ ಆಡುವವರಿಗೆ ಟೆನ್ಷನ್ ಎಂಬ ಪಟ್ಟಿ ತುಂಬುತ್ತಾ ಹೋಗುತ್ತದೆ, ಅದರಿಂದ ದೊಡ್ಡ ಪಟ್ಟುಗಳು ಸಿಗುತ್ತವೆ. ಸುಮ್ಮನೆ ಹಿಂದೆ ಹಿಂದೆ ಸರಿಯುತ್ತಾ ಇದ್ದರೆ ಆಟವೇ ಎಚ್ಚರಿಸಿ, ಆ ಪಟ್ಟಿಯನ್ನು ಬರಿದು ಮಾಡಿಬಿಡುತ್ತದೆ. ಕುಸ್ತಿ ಕಣದಲ್ಲಿ ಸುತ್ತುತ್ತಲೇ ಇರುವವನಿಗೆ ಪಂಚರು ಗದರುತ್ತಾರಲ್ಲ, ಹಾಗೆ.

ಇನ್ನು ನೀವು ಮಾಡಬೇಕಾದದ್ದು. ಇವತ್ತು ರಾತ್ರಿ ಮಗನೋ ಮಗಳೋ ಆಡುತ್ತಿದ್ದರೆ ಆರಿಸು ಎಂದು ಕೂಗಬೇಡಿ. ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಅರ್ಧ ಗಂಟೆ ಟಿವಿ ಬಿಟ್ಟು ಮಗುವನ್ನು ನೋಡಿ. ಆಮೇಲೆ ಒಂದು ಪ್ರಶ್ನೆ ಕೇಳಿ: ಆಗ ಯಾಕೆ ಜಿಗಿದೆ? ಉತ್ತರ ಹುಡುಕುತ್ತಾ ಮಗು ನಿಮ್ಮ ಕಡೆ ತಿರುಗುತ್ತದೆ. ಆಗ ಎರಡನೇ ಕಂಟ್ರೋಲರ್ ಕೇಳಿ. ಮೊದಲ ದಿನ ಹತ್ತಕ್ಕೆ ಹತ್ತೂ ಸೋಲುತ್ತೀರಿ, ಸೋಲಿರಿ. ತಡೆಯುವುದು, ಹಿಡಿಯುವುದು, ಒಂದು ಗುದ್ದು, ಮೂರು ಕಲಿತರೆ ಸಾಕು.

ಒಂದು ಕಿವಿಮಾತು. ಈಗಿನ ಚಪ್ಪಟೆ ಟಿವಿಗಳು ಚಿತ್ರವನ್ನು ಚೆಂದ ಮಾಡಲು ಹೋಗಿ ತುಸು ತಡವಾಗಿ ತೋರಿಸುತ್ತವೆ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಕಾಣುವುದಕ್ಕೂ ನಡುವೆ ಕೆಲವು ಚಿತ್ರಗಳ ಅಂತರ ಬೀಳುತ್ತದೆ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಗೇಮ್ ಮೋಡ್ ಎಂದು ಇದ್ದರೆ ಅದನ್ನು ಹಾಕಿಕೊಳ್ಳಿ. ಹಳೆಯ ಡಬ್ಬಾ ಟಿವಿ ಇನ್ನೂ ಅಟ್ಟದ ಮೇಲಿದ್ದು, ನಿಮ್ಮ ಬಳಿ ಹಳೆಯ ಪ್ಲೇಸ್ಟೇಷನ್ ಇದ್ದರೆ, ಆ ಟಿವಿಯನ್ನೇ ಇಳಿಸಿ. ಅದರಲ್ಲಿ ಈ ತೊಂದರೆ ಇಲ್ಲ. ನಾನೂ ಮಾವನ ಜೊತೆ ಆಡುವುದು ಅದರಲ್ಲೇ, ಪ್ರತಿ ವರ್ಷ ಗವಿಮಠದ ಜಾತ್ರೆಗೆ ಅವರು ಬಂದಾಗ. ಹೋದ ಸಲವೂ ಗೆದ್ದದ್ದು ಅವರೇ.

ನಮಸ್ಕಾರ.