ಅಮ್ಮನ ಎರಡು ವಯಸ್ಸು

ನಮಸ್ಕಾರ. ನಮ್ಮಮ್ಮ 2024ರಲ್ಲಿ ತೀರಿಕೊಂಡಳು. ಎಷ್ಟು ವಯಸ್ಸಾಗಿತ್ತು ಅಂತ ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಅಮ್ಮನ ಲೆಕ್ಕದಲ್ಲಿ 90. ಮಿಲಿಟರಿ ಲೆಕ್ಕದಲ್ಲಿ 86.

ಗಾಂಧೀಜಿ ಕೊಡಗಿಗೆ ಬಂದದ್ದು 1934ರ ಫೆಬ್ರವರಿಯಲ್ಲಿ. ಆಗ ಅಮ್ಮ ತೊಟ್ಟಿಲಲ್ಲಿದ್ದಳಂತೆ. ಸೋಮವಾರಪೇಟೆ ಕಡೆಯ ನಮ್ಮಜ್ಜಿಗೆ ಗೊತ್ತಿದ್ದ ಕ್ಯಾಲೆಂಡರ್ ಅಷ್ಟೇ. ಆದರೆ ಸೈನಿಕನಿಗೆ ಮದುವೆಯಾದರೆ ಹೆಂಡತಿಯ ಹೆಸರು, ಹುಟ್ಟಿದ ದಿನ ದಾಖಲಾಗಬೇಕು. ಪಾರ್ಟ್ ಟೂ ಆರ್ಡರ್ ಅಂತಾರೆ. ಅಪ್ಪ ಭರ್ತಿಯಾಗುವಾಗಲೇ ತನ್ನ ವಯಸ್ಸನ್ನು ಇಳಿಸಿ ಬರೆಸಿದ್ದ. ಹೆಂಡತಿ ಗಂಡನಿಗಿಂತ ದೊಡ್ಡವಳಾಗಿಬಿಟ್ಟರೆ ಹೇಗೆ? ಇವಳದನ್ನೂ ಇಳಿಸಿದ. 1938, ಜುಲೈ 1.

ಈ ಹುಡುಗಾಟಕ್ಕೆ ದಂಡ ಕಟ್ಟಿದ್ದು ಅಮ್ಮ. ಗಂಡ ಹೋದ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇಕಡಾ 20 ಜಾಸ್ತಿ ಸಿಗುತ್ತದೆ. ಅಮ್ಮನಿಗೆ 2014ರಲ್ಲಿ ಸಿಗಬೇಕಿತ್ತು. ಸಿಕ್ಕಿದ್ದು 2018ರಲ್ಲಿ. ಅಷ್ಟರಲ್ಲಿ ತೀರಿಹೋಗಿದ್ದ ಅಪ್ಪನನ್ನು ನಾನು ಬೈದೆ. ಅಮ್ಮ ಮಾತ್ರ, "ಹೋಗ್ಲಿ ಬಿಡು, ನಾಲ್ಕು ವರ್ಷ ಚಿಕ್ಕವಳು ಮಾಡಿದ್ರಲ್ಲ" ಅಂದಳು.

ಅಪ್ಪ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಸೆಂಟರಿನಲ್ಲಿ ತರಬೇತಿ ಪಡೆದವನು. ಸ್ಯಾಪರ್ ಅಂದರೆ ಸೇತುವೆ ಕಟ್ಟುವವನು, ರಸ್ತೆ ಮಾಡುವವನು, ನೆಲದಲ್ಲಿ ಮೈನ್, ಅಂದರೆ ತುಳಿದರೆ ಸಿಡಿಯುವ ಬಾಂಬು ಹೂಳುವವನು, ತೆಗೆಯುವವನು. ಮನೆಯಲ್ಲಿ ಒಂದು ಕಪ್ಪು ಟ್ರಂಕ್ ಇತ್ತು. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಬಡ್ತಿ ಬಂದಾಗಲೆಲ್ಲ ಹಳೆಯದರ ಮೇಲೆ ಕಪ್ಪು ಬಳಿದು ಹೊಸದು ಬರೆಯಬೇಕು. ಆ ಕೆಲಸ ಅಮ್ಮನದು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಪ್ಪ ಬರೆದುಕೊಟ್ಟ ಚೀಟಿ ನೋಡಿಕೊಂಡು, ರಂಗೋಲಿ ಎಳೆದ ಹಾಗೆ ಅಕ್ಷರ ಎಳೆಯುತ್ತಿದ್ದಳು. ಅಂಬಾಲಾದಲ್ಲಿದ್ದಾಗ ಅಪ್ಪನಿಗೆ ನಾಯಕ್ ರ‍್ಯಾಂಕ್ ಬಂತು. ಅಮ್ಮ ಬರೆದ ಇಂಗ್ಲಿಷಿನ 'ಎನ್' ತಿರುಗಿಬಿತ್ತು. ಪಕ್ಕದ ಕ್ವಾರ್ಟರ್ಸಿನವರೆಲ್ಲ ನೋಡಿ ನಕ್ಕರು. ಅಪ್ಪ ತಿದ್ದಿಸಲಿಲ್ಲ. ಹವಾಲ್ದಾರ್ ಆಗುವವರೆಗೂ ಆ ತಿರುಗಿದ ಎನ್ ಹೊತ್ತ ಟ್ರಂಕ್ ರೈಲು ಹತ್ತಿ ಇಳಿಯುತ್ತಲೇ ಇತ್ತು.

ಅಪ್ಪನಿಗೆ ಫೀಲ್ಡ್ ಪೋಸ್ಟಿಂಗ್ ಬಂದರೆ ನಾವು ಊರಿಗೆ. ಅಲ್ಲಿ ಗದ್ದೆ, ಏಲಕ್ಕಿ, ಅತ್ತೆ ಮಾವ, ಎಲ್ಲ ಅಮ್ಮನ ತಲೆಗೆ. ತಿಂಗಳಿಗೊಮ್ಮೆ ಮನಿಯಾರ್ಡರ್. ಅದರ ತುದಿಯ ಚೀಟಿಯಲ್ಲಿ ಅಪ್ಪನ ಎರಡು ಸಾಲು. ಅಪ್ಪ ಮಾತಿನಲ್ಲೂ ಹಾಗೇ, ಎರಡು ಸಾಲಿನ ಮನುಷ್ಯ.

1971ರ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಪಂಜಾಬಿನ ಗಡಿಯಲ್ಲಿದ್ದ. ಅಮ್ಮ ವಾರ್ತೆಗೆ ಮಾತ್ರ ರೇಡಿಯೋ ಹಾಕುತ್ತಿದ್ದಳು, ಮುಗಿದ ಕೂಡಲೇ ಬ್ಯಾಟರಿ ಉಳಿಸಲು ಆರಿಸುತ್ತಿದ್ದಳು. ಆಗ ರೇಡಿಯೋಗೂ ಲೈಸೆನ್ಸ್ ಇತ್ತು, ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಬೇಕಿತ್ತು. ಈಗಿನ ಮಕ್ಕಳು ನಂಬಲ್ಲ. 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಮಾರನೇ ದಿನ ಪಶ್ಚಿಮದಲ್ಲೂ ಗುಂಡು ನಿಂತಿತು. ಊರಿನವರು ಬಂದು, "ಇನ್ನೇನಕ್ಕ, ಯುದ್ಧ ಮುಗೀತು" ಅಂದರು. ಅಮ್ಮ ಒಲೆ ಊದುತ್ತಾ ಹೇಳಿದಳು: "ಎಲ್ಲರದೂ ಮುಗೀತು. ನಮ್ಮವರದು ಈಗ ಶುರು."

ನನಗೆ ಅರ್ಥವಾಗಲಿಲ್ಲ. ಹೂತಿಟ್ಟ ಮೈನ್‌ಗೆ ಕದನವಿರಾಮ ಗೊತ್ತಾಗಲ್ಲ, ಅಲ್ವಾ? ಅದನ್ನು ತೆಗೆಯುವವರು ಸ್ಯಾಪರ್‌ಗಳು. ಊರಲ್ಲಿ ಎಲ್ಲರೂ ಪೇಡೆ ಹಂಚುತ್ತಿದ್ದಾಗ ಅಮ್ಮ ಮೊದಲಿಗಿಂತ ಜಾಸ್ತಿ ಹೆದರಿದ್ದಳು. ಜನವರಿಯಲ್ಲಿ ಮನಿಯಾರ್ಡರ್ ಬಂತು. ಚೀಟಿಯಲ್ಲಿ ಬರೆದಿತ್ತು: 'ಕ್ಷೇಮ. ಎಮ್ಮೆ ಕರು ಹಾಕಿತಾ?'

ಮುಂದೆ ಅಣ್ಣನೂ ಸೈನ್ಯಕ್ಕೆ ಸೇರಿದ. ಅದೇ ಟ್ರಂಕ್, ಅದೇ ಅಮ್ಮ, ಹೊಸ ಹೆಸರು. ಬಿಸಿಲಿಗೆ ಹಿಡಿದು ನೋಡಿದರೆ ಹೊಸ ಬಣ್ಣದ ಅಡಿಯಲ್ಲಿ ಆ ತಿರುಗಿದ ಎನ್ ಉಬ್ಬಿ ಕಾಣುತ್ತಿತ್ತು. 1999ರಲ್ಲಿ ಕಾರ್ಗಿಲ್ ನಡೆಯುವಾಗ ಅವನು ಕಾಶ್ಮೀರದಲ್ಲಿದ್ದ. ಮನೆಗೆ ಟಿವಿ ಬಂದಾಗಿತ್ತು. ಅಮ್ಮ ಆ ಕೋಣೆಗೇ ಹೋಗಲಿಲ್ಲ. "ಅದರಲ್ಲಿ ಬರೀ ಹೊಗೆ ತೋರಿಸ್ತಾರೆ" ಅಂತ ಅಡುಗೆಮನೆಯಲ್ಲಿ ರೇಡಿಯೋ ಇಟ್ಟುಕೊಂಡಳು.

ಅಪ್ಪ ಹೋದ ಮೇಲೆ ಪ್ರತಿ ನವೆಂಬರಿನಲ್ಲಿ ಅಮ್ಮ ಬದುಕಿದ್ದಾಳೆ ಅಂತ ಬ್ಯಾಂಕಿನಲ್ಲಿ ಸಾಬೀತು ಮಾಡಬೇಕಿತ್ತು. ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಮೆಷಿನ್ ಒಪ್ಪುತ್ತಿರಲಿಲ್ಲ. ಒಂದು ವರ್ಷ ಮೂರು ಸಲ ಅಲೆಸಿದರು. ಮೂರನೇ ಸಲ ಅಮ್ಮ ಆ ಹುಡುಗನ ಕೈ ಹಿಡಿದುಕೊಂಡು, "ಬಿಸಿ ಇದೆಯಾ ನೋಡಪ್ಪ" ಅಂದಳು. ಅವನು ನಾಚಿಕೊಂಡು ಎದ್ದು ಹೋಗಿ ಮ್ಯಾನೇಜರ್ ಸಹಿ ಹಾಕಿಸಿ ತಂದ.

ತಿಥಿ ಕಾರ್ಡ್ ಅಚ್ಚು ಹಾಕಿಸುವಾಗ ನನಗೂ ಅಣ್ಣನಿಗೂ ಜಗಳ. ಅವನಿಗೆ ದಾಖಲೆ ಮುಖ್ಯ, ನನಗೆ ಗಾಂಧೀಜಿ. ಕೊನೆಗೆ ವಯಸ್ಸನ್ನೇ ಬಿಟ್ಟೆವು. ಊಟಕ್ಕೆ ಕೂತವರೆಲ್ಲ ಅದನ್ನೇ ಕೇಳಿದರು. ನಾನು ಒಂದು ಪಂಕ್ತಿಗೆ ಪಲ್ಯ ಬಡಿಸುತ್ತಾ ತೊಂಬತ್ತು ಅನ್ನುತ್ತಿದ್ದೆ. ಎದುರು ಪಂಕ್ತಿಯಲ್ಲಿ ಅಣ್ಣ ಪಾಯಸದ ಬಕೆಟ್ ಹಿಡಿದು, ಎಂಬತ್ತಾರು ಅಂತ ಹೇಳುತ್ತಾ ಬರುತ್ತಿದ್ದ.