ರಾಜನ ಹೆಸರು, ಊರಿನ ಆಸ್ತಿ

ಎಲ್ಲರಿಗೂ ನಮಸ್ಕಾರ.

ಏವನ್ ನದಿಯ ದಡದ ಸ್ಟ್ರಾಟ್‌ಫರ್ಡಿಗೆ ಹೋದವರು ಶೇಕ್ಸ್‌ಪಿಯರ್ ಹುಟ್ಟಿದ ಮನೆ ನೋಡುತ್ತಾರೆ, ಸಮಾಧಿ ನೋಡುತ್ತಾರೆ, ಫೋಟೊ ತೆಗೆದುಕೊಂಡು ವಾಪಸ್ ಬರುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಚರ್ಚ್ ಸ್ಟ್ರೀಟ್‌ನ ಒಂದು ಕಟ್ಟಡದ ಬಗ್ಗೆ. ಮರದ ತೊಲೆಗಳ ಚೌಕಟ್ಟು, ಮಧ್ಯೆ ಮಧ್ಯೆ ಗಾರೆ, ಬೀದಿಯುದ್ದಕ್ಕೂ ಚಾಚಿದ ಎರಡಂತಸ್ತು. ಆರನೇ ಎಡ್ವರ್ಡ್ ದೊರೆಯ ಹೆಸರಿನ ಗ್ರಾಮರ್ ಶಾಲೆ ಅದು. 1553ರ ಜೂನ್ 28ರ ರಾಜಶಾಸನದಲ್ಲಿ ಅದನ್ನು ‘ರಾಜನ ಹೊಸ ಶಾಲೆ’ ಎಂದು ಕರೆದಿದ್ದಾರೆ.

ನನ್ನ ತಕರಾರಿರುವುದು ಆ ‘ಹೊಸ’ ಎನ್ನುವ ಮಾತಿನ ಮೇಲೆ.

ಆ ಊರಲ್ಲಿ ಒಬ್ಬ ಶಾಲಾ ಮೇಷ್ಟ್ರು ಇದ್ದನೆಂಬುದಕ್ಕೆ 1295ರ ದಾಖಲೆಯೇ ಇದೆ. ಶಾಲೆಯನ್ನು ಸಾಕಿ ಬೆಳೆಸಿದ್ದು ‘ಪವಿತ್ರ ಶಿಲುಬೆಯ ಗಿಲ್ಡ್’. ಗಿಲ್ಡ್ ಎಂದರೆ ಏನು? ನಮ್ಮ ದೇವಸ್ಥಾನಗಳಲ್ಲಿ ಶಾಶ್ವತ ಪೂಜೆಗೆ ದುಡ್ಡು ಕಟ್ಟುತ್ತೇವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಸದಸ್ಯರು ಹಣ, ಮನೆ, ಹೊಲ ಬರೆದುಕೊಡುತ್ತಿದ್ದರು. ಅವರು ಸತ್ತ ಮೇಲೆ ಆತ್ಮಕ್ಕೆ ಸದ್ಗತಿಯಾಗಲೆಂದು ಗಿಲ್ಡಿನ ಪಾದ್ರಿಗಳು ಪ್ರಾರ್ಥನೆ ಮಾಡುತ್ತಿದ್ದರು. ಆಸ್ತಿ ಬೆಳೆದಂತೆ ಗಿಲ್ಡೇ ಊರ ಪಂಚಾಯಿತಿಯಂತಾಯಿತು. ಬಡ ಮುದುಕರಿಗೆ ನೆರಳು ಕೊಟ್ಟಿತು, 1427ರ ಹೊತ್ತಿಗೆ ಶಾಲೆಗೆಂದೇ ಒಂದು ಕಟ್ಟಡ ಕಟ್ಟಿಸಿತು. 1482ರಲ್ಲಿ ಥಾಮಸ್ ಜಾಲಿಫ್ ಎಂಬ ಪಾದ್ರಿ ಜಮೀನು ದತ್ತಿ ಬಿಟ್ಟು ಒಂದು ಷರತ್ತು ಹಾಕಿದ: ಮೇಷ್ಟ್ರು ಮಕ್ಕಳಿಂದ ಬಿಡಿಗಾಸೂ ತೆಗೆದುಕೊಳ್ಳದೆ ವ್ಯಾಕರಣ ಕಲಿಸಬೇಕು. ಶಾಲೆಗೆ ಸ್ಥಾಪಕ ಎಂದು ಯಾರನ್ನಾದರೂ ಕರೆಯಲೇಬೇಕಾದರೆ ನನ್ನ ವೋಟು ಜಾಲಿಫ್‌ಗೆ. ಪಾಪ, ಅವನ ಹೆಸರು ಬಾಗಿಲ ಮೇಲೆ ಬರಲಿಲ್ಲ.

ಆಮೇಲೆ ಬಂದದ್ದು ಮತಸುಧಾರಣೆ. ಸತ್ತವರಿಗಾಗಿ ಪ್ರಾರ್ಥಿಸುವುದೇ ಮೂಢನಂಬಿಕೆ ಎಂದು ಪ್ರೊಟೆಸ್ಟೆಂಟ್ ಸರ್ಕಾರ ತೀರ್ಮಾನಿಸಿತು. 1547ರ ಕಾಯ್ದೆ ಇಂಥ ದತ್ತಿಗಳನ್ನೂ ಧಾರ್ಮಿಕ ಗಿಲ್ಡುಗಳನ್ನೂ ಮುಚ್ಚಿ ಅವುಗಳ ಆಸ್ತಿಯನ್ನು ಖಜಾನೆಗೆ ಸೇರಿಸಿತು. ತೊಡಕು ಏನೆಂದರೆ, ಎಷ್ಟೋ ಕಡೆ ಪ್ರಾರ್ಥನೆ ಮಾಡುವ ಪಾದ್ರಿಯೇ ಪಾಠ ಹೇಳುವ ಮೇಷ್ಟ್ರೂ ಆಗಿದ್ದ. ಪೂಜೆ ನಿಲ್ಲಿಸಲು ಹೋದರೆ ಪಾಠವೂ ನಿಲ್ಲುತ್ತಿತ್ತು. ಸ್ಟ್ರಾಟ್‌ಫರ್ಡಿನಲ್ಲಂತೂ ಊರಿನ ಆಡಳಿತಕ್ಕೇ ದಿಕ್ಕಿಲ್ಲದಂತಾಯಿತು.

1553ರ ಶಾಸನ ಹುಟ್ಟಿದ್ದು ಈ ಪೇಚಿನಿಂದ. ಊರಿಗೆ ಒಂದು ನಗರಸಭೆ ಕೊಟ್ಟರು, ಗಿಲ್ಡಿನ ಹಳೆಯ ಆಸ್ತಿಯನ್ನು ಅದಕ್ಕೆ ವಹಿಸಿದರು, ಅದರ ಹುಟ್ಟುವಳಿಯಿಂದ ಮೇಷ್ಟ್ರಿಗೆ ವರ್ಷಕ್ಕೆ 20 ಪೌಂಡ್ ಸಂಬಳ ಕೊಡಬೇಕೆಂದು ವಿಧಿಸಿದರು. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಹಾಗೆ! ಊರಿನದನ್ನು ಊರಿಗೇ ಕೊಟ್ಟು ಹೆಸರು ಮಾತ್ರ ರಾಜನದು ಇಟ್ಟರು. ಹುಡುಗ ದೊರೆಯನ್ನೇ ದೂರಿ ಪ್ರಯೋಜನವಿಲ್ಲ. ಒಂಬತ್ತನೇ ವಯಸ್ಸಿಗೆ ಪಟ್ಟಕ್ಕೆ ಬಂದವನು, ಶಾಸನವಾದಾಗ ಹದಿನೈದರ ಕಾಯಿಲೆ ಹುಡುಗ. ಜುಲೈ 6ಕ್ಕೆ ತೀರಿಕೊಂಡ. ಬರ್ಮಿಂಗ್‌ಹ್ಯಾಮಿನಲ್ಲಿಯೂ ಹಿಂದಿನ ವರ್ಷ, 1552ರಲ್ಲಿ, ಅಲ್ಲಿನ ಗಿಲ್ಡಿನ ಆಸ್ತಿಯಿಂದಲೇ ಅವನ ಹೆಸರಿನ ಶಾಲೆ ಎದ್ದಿತ್ತು.

ಒಳಗೆ ಏನು ಕಲಿಸುತ್ತಿದ್ದರು? ಗ್ರಾಮರ್ ಎಂದರೆ ಇಂಗ್ಲಿಷ್ ವ್ಯಾಕರಣ ಎಂದುಕೊಳ್ಳಬೇಡಿ, ಅದು ಲ್ಯಾಟಿನ್. ವಿಲಿಯಂ ಲಿಲಿಯ ಹೆಸರಿನ ವ್ಯಾಕರಣ ಪುಸ್ತಕಕ್ಕೆ ರಾಜಮುದ್ರೆ ಬಿದ್ದಿತ್ತು, ಬೇರೆ ಪುಸ್ತಕ ನಡೆಯುವಂತಿರಲಿಲ್ಲ. ಏಳರ ಆಸುಪಾಸಿನ ಗಂಡುಹುಡುಗರು ಬೆಳಗಾಗುವ ಹೊತ್ತಿಗೇ ಬೆಂಚಿನ ಮೇಲೆ ಕೂತು ‘ಹಿಕ್, ಹೈಕ್, ಹೋಕ್’ ಎಂದು ಉರು ಹೊಡೆಯಬೇಕು. ‘ರಾಮಃ ರಾಮೌ ರಾಮಾಃ’ ಎಂದು ಬಾಯಿಪಾಠ ಮಾಡಿದವರಿಗೆ ಆ ರಾಗ ಬಿಡಿಸಿ ಹೇಳಬೇಕಿಲ್ಲ. ತಪ್ಪಿದರೆ ಬರ್ಚ್ ಮರದ ಬರಲು ಕಾದಿರುತ್ತಿತ್ತು. ಶೇಕ್ಸ್‌ಪಿಯರನ ‘ವಿಂಡ್ಸರಿನ ನಗೆಗಾತಿಯರು’ ನಾಟಕದಲ್ಲಿ ವೆಲ್ಷ್ ಮೇಷ್ಟ್ರೊಬ್ಬ ಇದೇ ಪಾಠ ಒಪ್ಪಿಸಿಕೊಳ್ಳುತ್ತಾನೆ. ಒಪ್ಪಿಸುವ ಹುಡುಗನ ಹೆಸರು ವಿಲಿಯಂ.

ಶೇಕ್ಸ್‌ಪಿಯರ್ ಇಲ್ಲೇ ಓದಿದನೆಂದು ಹಾಜರಿ ಪುಸ್ತಕ ತೋರಿಸಿ ಹೇಳುವಂತಿಲ್ಲ, ಆ ಕಾಲದ ಹಾಜರಿ ಒಂದೂ ಉಳಿದಿಲ್ಲ. ಆದರೆ ತಂದೆ ಜಾನ್ 1568ರಲ್ಲಿ ಊರಿನ ಬೇಲಿಫ್, ಎಂದರೆ ನಗರಸಭೆಯ ಮುಖ್ಯಸ್ಥ. ಸಭೆ ನಡೆಯುತ್ತಿದ್ದದ್ದು ಇದೇ ಕಟ್ಟಡದ ಕೆಳಗೆ, ಗಿಲ್ಡಿನ ಹಳೆಯ ಸಭಾಂಗಣವಾದ ಗಿಲ್ಡ್‌ಹಾಲಿನಲ್ಲಿ, ತರಗತಿ ಮೇಲಂತಸ್ತಿನಲ್ಲಿ. ಸಂಬಳ ಕೊಡುವ ಸಭೆಯವನ ಮಗ ಶುಲ್ಕವಿಲ್ಲದ ಶಾಲೆ ಬಿಟ್ಟು ಇನ್ನೆಲ್ಲಿಗೆ ಹೋದಾನು? ಹೆಣ್ಣುಮಕ್ಕಳು ಮಾತ್ರ ಅಲ್ಲಿ ಕಾಲಿಡಲು 2013ರವರೆಗೆ ಕಾಯಬೇಕಾಯಿತು, ಅದೂ ಮೇಲಿನ ತರಗತಿಗಳಿಗಷ್ಟೇ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಶಾಲೆಗೆ ತಗುಲಿಕೊಂಡೇ ಗಿಲ್ಡಿನ ಪ್ರಾರ್ಥನಾ ಮಂದಿರವಿದೆ. ಅದರ ಗೋಡೆಗಳ ತುಂಬ ಅಂತಿಮ ತೀರ್ಪು, ಸಂತರು ಹೀಗೆ ಬಣ್ಣದ ಚಿತ್ರಗಳು. ಹೊಸ ಮತಕ್ಕೆ ಅವು ಸಲ್ಲಲಿಲ್ಲ. ವಿಲಿಯಂ ಹುಟ್ಟುವುದಕ್ಕೆ ಕೆಲವು ತಿಂಗಳ ಮುಂಚೆ, ಜಾನ್ ಶೇಕ್ಸ್‌ಪಿಯರ್ ಊರಿನ ಲೆಕ್ಕ ನೋಡುತ್ತಿದ್ದಾಗ, ಚಿತ್ರ ಅಳಿಸಲು ಎರಡು ಶಿಲ್ಲಿಂಗ್ ಖರ್ಚು ಬಿದ್ದಿದೆ. ಅಳಿಸಿದ್ದೇನು ಬಂತು, ಮೇಲೆ ಸುಣ್ಣ ಬಳಿದರು. 1804ರಲ್ಲಿ ಆ ಸುಣ್ಣ ಕೆರೆದಾಗ ಒಳಗಿನ ಸಂತರು ಒಬ್ಬೊಬ್ಬರಾಗಿ ಹೊರಗೆ ಬಂದರು.